ಹೋದವರು ಬರುವ ದಾರಿ

ಈಚೆಗೆ ನಮ್ಮ ತಾಲ್ಲೂಕು ಪಂಚಾಯಿತಿಯ ಸಭಾಭವನದಲ್ಲಿ ಎರಡು ದಿನಗಳ ಒಂದು ಶಿಬಿರ ನಡೆಯಿತು. ಮನುಷ್ಯರ ಮಾರಾಟವನ್ನೂ ಸಾಗಣೆಯನ್ನೂ ತಡೆಯುವುದು ಹೇಗೆಂದು ಊರವರಿಗೆ ತಿಳಿಸಿಕೊಡುವ ಶಿಬಿರ. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದ ಹೆಂಗಸರು, ಇಬ್ಬರು ಬಸ್ ಕಂಡಕ್ಟರುಗಳು, ನಿಲ್ದಾಣದ ಎದುರಿನ ಆಟೋದವರು ನಾಲ್ಕು ಮಂದಿ. ಇವರ ನಡುವೆ ನಿವೃತ್ತ ಮಾಸ್ತರನೆಂಬ ಹೆಸರಿನಲ್ಲಿ ನಾನೂ ಒಬ್ಬ. ಇಂಥ ಶಿಬಿರಗಳಿಗೆ ನಿವೃತ್ತರನ್ನು ಏಕೆ ಕರೆಯುತ್ತಾರೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಒಂದು ಕುರ್ಚಿ ತುಂಬುತ್ತದೆ. ಕೊನೆಯಲ್ಲಿ ವಂದನಾರ್ಪಣೆಗೆ ಒಬ್ಬ ಸಿಗುತ್ತಾನೆ. ಆ ಭಾವದಿಂದಲೇ ಹೋದೆ. ಮರಳುವಾಗ ಆ ಭಾವ ಉಳಿದಿರಲಿಲ್ಲ.

ತರಬೇತಿ ಕೊಡಲು ಬಂದಿದ್ದವರು ಮೂವತ್ತರ ಒಳಗಿನ ಒಬ್ಬ ಹೆಣ್ಣುಮಗಳು. ಭಾಷಣ ಮಾಡದೆ ಸೀಮೆಸುಣ್ಣ ಹಿಡಿದು ನಿಂತು, "ಮನುಷ್ಯರನ್ನು ಮಾರುವವನು ನೋಡಲು ಹೇಗಿರುತ್ತಾನೆ, ಹೇಳಿ" ಎಂದರು. ಉತ್ತರಗಳಿಗೆ ಬರವಿರಲಿಲ್ಲ. ಪರಊರಿನವ, ಬೇರೆ ಭಾಷೆಯವ, ಕಪ್ಪು ಕನ್ನಡಕ, ದೊಡ್ಡ ಕಾರು. "ಸಿನಿಮಾದಾಗ ಇರ್ತಾನಲ್ರೀ, ಹಂಗ" ಎಂದ ಆಟೋದವನೊಬ್ಬ. ಎಲ್ಲರೂ ನಕ್ಕೆವು. ಆಕೆ ಎಲ್ಲವನ್ನೂ ಹಲಗೆಯ ಮೇಲೆ ಬರೆದರು. ಬರೆದಾದ ಮೇಲೆ ಎಲ್ಲವನ್ನೂ ಒರೆಸಿದರು. ಆ ಜಾಗದಲ್ಲಿ ಹೊಸದಾಗಿ ಬರೆದದ್ದು ಇಷ್ಟು: ಸೋದರತ್ತೆ, ಭಾವ, ಪಕ್ಕದ ಮನೆಯವಳು, ಹಳೆಯ ಗೆಳತಿ, ಮದುವೆಯಾಗುತ್ತೇನೆಂದವನು, ಮೇಸ್ತ್ರಿ. ಸಭೆಯ ನಗು ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಂಗನವಾಡಿ ಕಾರ್ಯಕರ್ತೆ ಎದ್ದು ಕೇಳಿದಳು: "ಹಂಗಾದ್ರ ಅಕ್ಕನ ಗಂಡನ್ನೂ ನಂಬಬಾರದೇನ್ರೀ ಮೇಡಂ? ಯಾರನ್ನೂ ನಂಬದ ಊರಾಗ ಬಾಳೇವು ಮಾಡೂದು ಹ್ಯಾಂಗ?" ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಕಳವಳವಿತ್ತು. ತರಬೇತುದಾರರು ಕ್ಷಣಕಾಲ ಸುಮ್ಮನಿದ್ದು, "ಇದಕ್ಕೆ ನನ್ನ ಪುಸ್ತಕದಲ್ಲಿ ಉತ್ತರ ಇಲ್ಲ ಅಕ್ಕಾ" ಎಂದರು. ಆ ಪ್ರಾಮಾಣಿಕತೆಯನ್ನು ಮೆಚ್ಚಿದೆ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈ ಬರಹ ಹುಟ್ಟಿದ್ದು ಅದರಿಂದ.

'ಕಳ್ಳಸಾಗಣೆ' ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸಿರಬಹುದು. ಅದು ಚಿನ್ನಕ್ಕೆ, ಗಂಧದ ಕೊರಡಿಗೆ ಸಲ್ಲುವ ಮಾತು. ಅದನ್ನು ಕೇಳಿದೊಡನೆ ಕತ್ತಲೆ, ಗಡಿ, ಮುಚ್ಚಿದ ಲಾರಿ ಕಣ್ಣಮುಂದೆ ಬರುತ್ತವೆ. ಆದರೆ ಮನುಷ್ಯರ ವಿಷಯದಲ್ಲಿ ಗಡಿ ದಾಟಲೇಬೇಕೆಂಬ ನಿಯಮವಿಲ್ಲ. ವಿಶ್ವಸಂಸ್ಥೆ 2000ದಲ್ಲಿ ಪಲೆರ್ಮೋ ಹೆಸರಿನ ಒಪ್ಪಂದದಲ್ಲಿ ಇದಕ್ಕೊಂದು ಲಕ್ಷಣ ಕೊಟ್ಟಿತು. ಭಾರತ 2011ರಲ್ಲಿ ಅದನ್ನು ಅನುಮೋದಿಸಿತು. ಅದರ ಪ್ರಕಾರ ನೋಡಬೇಕಾದ್ದು ಮೂರು: ಒಬ್ಬರನ್ನು ಕರೆದೊಯ್ದದ್ದು ಅಥವಾ ಇರಿಸಿಕೊಂಡದ್ದು, ಅದಕ್ಕೆ ಬಲವನ್ನೋ ಮೋಸವನ್ನೋ ಅವರ ನಿಸ್ಸಹಾಯಕತೆಯನ್ನೋ ಬಳಸಿದ್ದು, ಉದ್ದೇಶ ಶೋಷಣೆಯಾಗಿದ್ದದ್ದು. ಹದಿನೆಂಟು ತುಂಬದವರ ವಿಷಯದಲ್ಲಿ ನಡುವಣದನ್ನು ಸಾಬೀತುಮಾಡುವ ಅಗತ್ಯವೂ ಇಲ್ಲ. ಇದರಲ್ಲಿ ಕತ್ತಲೆಯೂ ಇಲ್ಲ, ಗಡಿಯೂ ಇಲ್ಲ. ಹಾಡುಹಗಲಲ್ಲಿ, ತಾಯಿತಂದೆಯರು ಬುತ್ತಿ ಕಟ್ಟಿಕೊಟ್ಟು, ಸರಕಾರಿ ಬಸ್ಸಿಗೆ ಹತ್ತಿಸಿದ ಮೇಲೆ ನಡೆಯುವ ಸಂಗತಿ ಇದು. ಎಷ್ಟೋ ಸಲ ಮಾಸ್ತರರ ಆಶೀರ್ವಾದವೂ ಇರುತ್ತದೆ.

ಈ ಕೊನೆಯ ಮಾತನ್ನು ನಾನು ಅಲಂಕಾರಕ್ಕೆ ಹೇಳಲಿಲ್ಲ.

1996ರ ಬೇಸಗೆ. ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ಮಳೆ ನಂಬಿದ ಊರು. ಸುಗ್ಗಿ ಮುಗಿದ ಮೇಲೆ ಅರ್ಧ ಊರು ಗುಳೆ ಹೋಗುತ್ತಿತ್ತು. ಹತ್ತು ವರ್ಷದ ಹಿಂದೆ ಹಾಗೆ ಪುಣೆಗೆ ಹೋದ ನಮ್ಮೂರ ಹೆಂಗಸೊಬ್ಬಳು ಆ ವರ್ಷ ಜಾತ್ರೆಗೆ ಬಂದಳು. ಕೈತುಂಬ ಬಳೆ, ಮಾತಿನಲ್ಲಿ ಗತ್ತು. ಗುಡಿಗೆ ಒಂದು ಗಂಟೆ ಮಾಡಿಸಿಕೊಟ್ಟಳು. ದಾನಿಗಳ ಹಲಗೆಯ ಮೇಲೆ ಅವಳ ಹೆಸರನ್ನು ದುಂಡಗೆ ಬರೆದವನು ನಾನೇ. ಮರಳುವಾಗ ತನ್ನ ಅಕ್ಕನ ಮಗಳನ್ನು ಕರೆದುಕೊಂಡು ಹೋಗುತ್ತೇನೆಂದಳು. ಆರನೆಯ ಇಯತ್ತೆ ಮುಗಿಸಿದ್ದ ಹುಡುಗಿ. ಲೆಕ್ಕದಲ್ಲಿ ಬಲು ಚುರುಕು. ಪುಣೆಯಲ್ಲಿ ದೊಡ್ಡವರ ಮನೆಯಂತೆ, ಕೂಸು ನೋಡಿಕೊಂಡರೆ ಸಾಕಂತೆ, ಶಾಲೆಗೂ ಕಳಿಸುತ್ತಾರಂತೆ. ಈ 'ಅಂತೆ'ಗಳನ್ನು ನಾನು ಒಂದೊಂದಾಗಿ ಎತ್ತಿ ನೋಡಲಿಲ್ಲ. ಟಿ.ಸಿ. ಬರೆದುಕೊಟ್ಟೆ. 'ನಡತೆ' ಎಂಬಲ್ಲಿ 'ಉತ್ತಮ' ಎಂದು ಬರೆದೆ. ಹುಡುಗಿಗೆ ಒಂದು ಪೆನ್ನು ಕೊಟ್ಟೆ. ಅಂದು ರಾತ್ರಿ ನನ್ನ ಹೆಂಡತಿಯ ಮುಂದೆ, ಒಂದು ಮಗು ದಡ ಸೇರಿತು ಎಂದು ಹೇಳಿಕೊಂಡದ್ದೂ ನೆನಪಿದೆ.

ಮೊದಲ ವರ್ಷ ಎರಡು ಕಾಗದ ಬಂದವು. ಓದು ಬಾರದ ತಂದೆ ಅವನ್ನು ನನ್ನಲ್ಲಿಗೇ ತಂದ. ಎರಡೂ ಬೇರೆಯವರು ಬರೆದವು, ಅವಳ ಅಕ್ಷರ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಆ ಮಾತೆತ್ತಲಿಲ್ಲ. ಮನಿಯಾರ್ಡರು ಮೂರು ಬಂದವು. ಆಮೇಲೆ ಕಾಗದವೂ ಇಲ್ಲ, ಹಣವೂ ಇಲ್ಲ. ತಂದೆ ಕೆಲವು ಕಾಲ ಅಂಚೆಯವನನ್ನು ಕೇಳುತ್ತಿದ್ದ. ನನ್ನನ್ನು ಕೇಳುವುದನ್ನು ಬಿಟ್ಟ.

ನಾಲ್ಕು ವರ್ಷವಾದ ಮೇಲೆ ಅವಳು ಬಂದಳು. ರಾತ್ರಿಯ ಕೊನೆಯ ಬಸ್ಸಿಗೆ ಬಂದಳಂತೆ. ಮರುದಿನವೇ ಚಹಾದಂಗಡಿಯಲ್ಲಿ ಸುದ್ದಿಯಾಯಿತು. ಹೇಗೆ ಬಂದಳು, ಎಲ್ಲಿದ್ದಳು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಅಥವಾ ಗೊತ್ತಿದ್ದವರಂತೆ ಆಡಿಕೊಂಡರು. ಅವಳ ಮನೆಯ ಬಾಗಿಲು ಮಾತ್ರ ಯಾರೂ ತಟ್ಟಲಿಲ್ಲ. ನಾನು ಹೋಗಬೇಕೆಂದುಕೊಂಡೆ. ಮಂದಿಯ ಮನೆಯ ಮಾತು, ನಡುವೆ ನಾನೇಕೆ ಎಂದುಕೊಂಡೆ. ಹೋಗಿ ಕೇಳುವುದಾದರೂ ಏನನ್ನು ಎಂದುಕೊಂಡೆ. ಹೀಗೆ ಅಂದುಕೊಳ್ಳುವುದರಲ್ಲಿ ನಾಲ್ಕು ದಿನ ಕಳೆದವು. ಐದನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಅವಳು ಹೊರಟುಹೋದಳು. ಆ ಸಲ ಅವಳನ್ನು ಕರೆದೊಯ್ಯಲು ಚಿಕ್ಕಮ್ಮ ಬಂದಿರಲಿಲ್ಲ. ಯಾರೂ ಪುಸಲಾಯಿಸಲಿಲ್ಲ, ಕೈಹಿಡಿದು ಎಳೆಯಲಿಲ್ಲ. ಒಬ್ಬಳೇ ಟಿಕೆಟು ಕೊಂಡು ಹೋದಳು. ಮೊದಲ ಸಲ ಅವಳನ್ನು ಮಾರಿದವಳು ಆ ಹೆಂಗಸು. ಎರಡನೆಯ ಸಲ ಕಳಿಸಿದವರು ನಾವು.

ನನಗೆ ಆಗ ತಿಳಿದಿರಲಿಲ್ಲ ಎನ್ನಬಹುದು. ಟಿ.ಸಿ. ಬರೆದ ದಿನಕ್ಕೆ ಆ ಮಾತು ಸಲ್ಲುತ್ತದೆ. ತಿಳಿಯದೆ ಮಾಡಿದ್ದಕ್ಕೆ ಎಷ್ಟು ಪಾಲು ತಪ್ಪೆಂದು ಧರ್ಮಶಾಸ್ತ್ರದವರು ಲೆಕ್ಕ ಹಾಕಲಿ. ಆದರೆ ಕಾಗದದ ಅಕ್ಷರ ನೋಡಿದ ದಿನಕ್ಕೆ ಅದು ಸಲ್ಲದು. ಆ ನಾಲ್ಕು ದಿನಗಳಿಗಂತೂ ಸಲ್ಲುವುದೇ ಇಲ್ಲ. ತಿಳಿಯದಿರುವುದು ಬೇರೆ, ತಿಳಿದುಕೊಳ್ಳದೆ ಇರುವುದು ಬೇರೆ. ಎರಡನೆಯದು ಒಂದು ಕೆಲಸ. ನಾವು ಮಾಡುವ ಕೆಲಸ.

ಇನ್ನು ಆ ಅಂಗನವಾಡಿ ಹೆಣ್ಣುಮಗಳ ಪ್ರಶ್ನೆ. ನಂಬಬೇಕೋ ಬೇಡವೋ ಎಂದು ಕೇಳಿದಾಗ ನಂಬಿಕೆಗೂ ವಿಚಾರಣೆಗೂ ವೈರವಿದೆಯೆಂದು ನಾವು ಒಪ್ಪಿಕೊಂಡುಬಿಡುತ್ತೇವೆ. ನಮ್ಮ ಬಾಳಿನಲ್ಲಿ ಬೇರೆಲ್ಲೂ ಹಾಗಿಲ್ಲ. ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸುತ್ತೇವೆ. ಮಾರುವವನು ಬೀಗನೇ ಆದರೂ ಅವನು ಅದನ್ನು ಅವಮಾನವೆಂದು ತಿಳಿಯುವುದಿಲ್ಲ. ಮಗಳನ್ನು ಕೊಡುವಾಗ ಹುಡುಗನ ಹೊಲ, ಮನೆ, ಚಟ, ಮಾವನ ಸಾಲ ಎಲ್ಲವನ್ನೂ ಮೂರು ಊರು ಸುತ್ತಿ ವಿಚಾರಿಸುತ್ತೇವೆ. ಅದೇ ಮಗಳನ್ನು ಕೆಲಸಕ್ಕೆ ಕಳಿಸುವಾಗ ಮನೆಯ ವಿಳಾಸ ಕೇಳುವುದಿಲ್ಲ. ಏಕೆ? ಕೊಳ್ಳುವವನಿಗೆ ಕೇಳುವ ಹಕ್ಕುಂಟು, ಬೇಡುವವನಿಗಿಲ್ಲ. ಉಪಕಾರ ಮಾಡಲು ಬಂದವಳನ್ನು ಪ್ರಶ್ನಿಸಿದರೆ ಅವಳು ಪಕ್ಕದ ಮನೆಯ ಹುಡುಗಿಯನ್ನು ಕರೆದೊಯ್ದಾಳು ಎಂಬ ಭಯ. ಬಡವನ ಮೌನವನ್ನು ನಾವು ನಂಬಿಕೆಯೆಂದು ಕರೆಯುತ್ತೇವೆ. ಅದು ನಂಬಿಕೆಯಲ್ಲ, ಬೇರೆ ದಾರಿಯಿಲ್ಲದಿರುವಿಕೆ. ಆದ್ದರಿಂದ ಅವನ ಪರವಾಗಿ ಕೇಳಬಲ್ಲ ನಾಲ್ಕು ಜನ ಊರಿನಲ್ಲಿರಬೇಕು. ಕೇಳಿದರೆ ಕಳೆದುಕೊಳ್ಳುವಂಥದ್ದು ಏನೂ ಇಲ್ಲದವರು; ಮಾಸ್ತರನಂಥವರು.

ಈ ಮಾತನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ಬೇರೊಂದು ರೀತಿಯಲ್ಲಿ ಹೇಳಿದೆ. ಸಂವಿಧಾನದ 23ನೆಯ ವಿಧಿ ಮನುಷ್ಯರ ವ್ಯಾಪಾರವನ್ನೂ ಬಿಟ್ಟಿ ದುಡಿಮೆಯನ್ನೂ ಬಲಾತ್ಕಾರದ ದುಡಿಮೆಯನ್ನೂ ನಿಷೇಧಿಸಿದೆ. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಲ್ಲಿ ದುಡಿಯುತ್ತಿದ್ದವರ ವಿಷಯವಾಗಿ ತೀರ್ಪು ಕೊಡುತ್ತ ನ್ಯಾಯಮೂರ್ತಿ ಭಗವತಿಯವರು, ಬಲಾತ್ಕಾರವೆಂದರೆ ದೊಣ್ಣೆಯದಷ್ಟೇ ಅಲ್ಲ, ಹಸಿವಿನದೂ ಹೌದೆಂದು ಎತ್ತಿಹಿಡಿದರು. ಹಸಿವಿನ ಒತ್ತಡಕ್ಕೆ ಸಿಕ್ಕಿ ಕನಿಷ್ಠ ಕೂಲಿಗಿಂತ ಕಡಮೆಗೆ ದುಡಿಯುವವನದು ಒಪ್ಪಿಗೆಯ ದುಡಿಮೆಯಲ್ಲ ಎಂಬುದು ಅದರ ಸಾರ. ಮಾರಾಟದ ಅಪರಾಧವನ್ನು ನಿರ್ಣಯಿಸುವಾಗ ಅದಕ್ಕೆ ಈಡಾದವರ ಒಪ್ಪಿಗೆ ಲೆಕ್ಕಕ್ಕಿಲ್ಲವೆಂದು 2013ರ ತಿದ್ದುಪಡಿ ಸ್ಪಷ್ಟಪಡಿಸಿತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೆಯ ಸೆಕ್ಷನ್ನಿನಲ್ಲೂ ಅದು ಹಾಗೆಯೇ ಇದೆ. "ತಾನಾಗಿಯೇ ಹೋದಳಲ್ಲ" ಎಂಬ ಊರ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಊರಿನಲ್ಲಿ ಮಾತ್ರ ಅದಕ್ಕೆ ಇನ್ನೂ ಬೆಲೆಯಿದೆ.

ಆದರೆ ಕಾನೂನಿಗೆ ಸಿಗದ ಪ್ರಶ್ನೆಗಳೂ ಇವೆ. ಶಿಬಿರದ ಎರಡನೆಯ ದಿನ, ವರ್ಷವರ್ಷವೂ ಇಟ್ಟಿಗೆ ಭಟ್ಟಿಗೆ ಹೋಗಿಬರುವ ಒಬ್ಬ ಹಿರಿಯ ಎದ್ದು ನಿಂತ. "ಮುಂಗಡ ಕೊಡೋ ಮೇಸ್ತ್ರೀನ ಹಿಡಕೊಂಡು ಹೋಗ್ತೀರಿ, ಖರೆ. ಮುಂದಿನ ವರ್ಷ ನನ್ನ ಮಗಳ ಮದುವಿಗೆ ರೊಕ್ಕ ಯಾರು ಕೊಡ್ತಾರ್ರೀ? ನೀವು ಕೊಡ್ತೀರೇನು?" ಎಂದು ಕೇಳಿದ. ಅಧಿಕಾರಿಗಳು ಯಾವುದೋ ಯೋಜನೆಯ ಹೆಸರು ಹೇಳಿದರು. ಅವನು ಕೈಮುಗಿದು ಕುಳಿತ. ಮಾತು ತೀರಿತೆಂದಲ್ಲ, ಇವರೊಡನೆ ಮಾತು ಬೇಡವೆಂದು.

ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಜೀತವನ್ನು ರದ್ದುಮಾಡಿದ 1976ರ ಕಾಯಿದೆ ಒಂದು ದೊಡ್ಡ ಕೆಲಸ ಮಾಡಿತು: ಜೀತದ ಸಾಲಗಳೆಲ್ಲ ಅಳಿದವೆಂದು ಸಾರಿತು. 2016ರ ಪುನರ್ವಸತಿ ಯೋಜನೆ ಬಿಡುಗಡೆಯಾದ ಗಂಡಸಿಗೆ ಒಂದು ಲಕ್ಷ, ಹೆಂಗಸರಿಗೂ ಮಕ್ಕಳಿಗೂ ಎರಡು ಲಕ್ಷ, ತೀರ ಘೋರವಾದ ಪ್ರಸಂಗಗಳಲ್ಲಿ ಮೂರು ಲಕ್ಷ ರೂಪಾಯಿ ಎಂದು ಗೊತ್ತುಮಾಡಿತು. ಇವೆಲ್ಲ ಬಿದ್ದವನನ್ನು ಎತ್ತುವ ಕ್ರಮ. ಸಾಲವನ್ನು ಕಾಯಿದೆ ಅಳಿಸಬಹುದು. ಸಾಲ ಬೇಕಾಗುವ ಸಂದರ್ಭವನ್ನು ಅದು ಅಳಿಸಲಾರದು. ಬಾಗಿಲಿಗೆ ಬಂದು, ಜಾಮೀನು ಕೇಳದೆ, ರಾತ್ರಿ ಹತ್ತಕ್ಕೂ ರೊಕ್ಕ ಎಣಿಸಿಕೊಡುವವನು ಆ ಮೇಸ್ತ್ರಿಯೊಬ್ಬನೇ ಆಗಿದ್ದರೆ, ಅವನನ್ನು ನಂಬಬೇಡ ಎಂದು ಬೋಧಿಸುವ ನಮಗೆ ಆ ಮನೆಯಲ್ಲಿ ಕುಳಿತುಕೊಳ್ಳಲು ಚಾಪೆ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಸ್ವಸಹಾಯ ಸಂಘದ ಹೆಂಗಸರು ವಾರವಾರ ಕೂಡಿಸುವ ಹತ್ತಿಪ್ಪತ್ತು ರೂಪಾಯಿ ಈ ವಿಷಯದಲ್ಲಿ ನಮ್ಮ ಭಿತ್ತಿಪತ್ರಗಳಿಗಿಂತ ಹೆಚ್ಚು ಕೆಲಸ ಮಾಡೀತೆಂದು ನನ್ನ ನಂಬಿಕೆ.

ಶಿಬಿರದ ಕೊನೆಗೆ ಇನ್ನೊಂದು ವಿಚಿತ್ರ ನಡೆಯಿತು. ಉತ್ಸಾಹಿಯಾದ ಒಬ್ಬ ಸದಸ್ಯರು ಒಂದು ಗೊತ್ತುವಳಿ ಸೂಚಿಸಿದರು: ಇನ್ನು ಮುಂದೆ ಇಪ್ಪತ್ತೈದು ತುಂಬದ ಹುಡುಗಿಯರು ಪಂಚಾಯಿತಿಯ ಅಪ್ಪಣೆಯಿಲ್ಲದೆ ಊರು ಬಿಡಕೂಡದು. ಚಪ್ಪಾಳೆ ಬಿತ್ತು. ನನಗೆ ಎದೆ ಝಲ್ಲೆಂದಿತು. ಎರಡು ದಿನದ ತರಬೇತಿಯ ಫಲ ಇದೇ? ಕಾಯಲು ಹೊರಟವರು ಕಟ್ಟಲು ತೊಡಗುವುದಕ್ಕೆ ಹೊತ್ತು ಬೇಕಾಗುವುದಿಲ್ಲ. ದೇಶದಲ್ಲಿ ಎಲ್ಲೆಂದರಲ್ಲಿ ಹೋಗುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ಅದರಲ್ಲಿ ಹುಡುಗಿಯರನ್ನು ಬಿಟ್ಟಿಲ್ಲ. ಅಲ್ಲದೆ ಊರಿನ ಮನೆಯೇ ಸೆರೆಯಾದಾಗ, ಬಿಡಿಸಿಕೊಂಡು ಹೋಗುತ್ತೇನೆಂದು ಬರುವ ಮೊದಲನೆಯವನ ಕೈಯನ್ನೇ ಹುಡುಗಿ ಹಿಡಿಯುತ್ತಾಳೆ. ಮಾರುವವನ ಕೆಲಸವನ್ನು ನಾವೇ ಹಗುರ ಮಾಡಿಕೊಟ್ಟಂತೆ. ತರಬೇತುದಾರರು ಎದ್ದು ಇದನ್ನೇ ತಮ್ಮ ಮಾತಿನಲ್ಲಿ ಹೇಳಿದರು. ಗೊತ್ತುವಳಿ ಹಿಂದಕ್ಕೆ ಸರಿಯಿತು. ಸೂಚಿಸಿದವರ ಮುಖ ಮಾತ್ರ ಗಂಟಾಗಿಯೇ ಇತ್ತು.

ನನಗೆ ತೋರುವುದು ಇಷ್ಟು. ಹೋಗುವುದರಲ್ಲಿ ಕೇಡಿಲ್ಲ. ಗುಳೆ ಹೋದವರೆಲ್ಲ ಮಾರಾಟವಾದವರಲ್ಲ. ಎಷ್ಟೋ ಮನೆಗಳ ಮೇಲಿನ ಹೆಂಚು ಗುಳೆಯ ದುಡ್ಡಿನದು. ಒಬ್ಬನು ಕೂಲಿಯೋ ಜೀತದವನೋ ಎಂಬುದು ಅವನು ಹೋದ ರೀತಿಯಿಂದ ತಿಳಿಯುವುದಿಲ್ಲ. ನಾಳೆ ಬೆಳಿಗ್ಗೆ ಅವನು ಮರಳಿ ಬರಬಲ್ಲನೇ ಎಂಬುದರಿಂದ ತಿಳಿಯುತ್ತದೆ. ಬಾಗಿಲಿಗೆ ಬೀಗವಿರಬಹುದು; ಮುಂಗಡದ ಲೆಕ್ಕವಿರಬಹುದು; ಕಿತ್ತಿಟ್ಟುಕೊಂಡ ಆಧಾರ್ ಚೀಟಿಯಿರಬಹುದು. ಆದರೆ ಇವೆಲ್ಲಕ್ಕಿಂತ ಬಲವಾದ ಬೀಗ ಒಂದುಂಟು. ಅದನ್ನು ಮಾರಿದವನು ಹಾಕುವುದಿಲ್ಲ, ಊರು ಹಾಕುತ್ತದೆ: ಮರಳಿ ಹೋದರೆ ನನ್ನನ್ನು ಯಾರು ಮಾತನಾಡಿಸುತ್ತಾರೆ ಎಂಬುದು. ಮಾರುವವರು ಅದನ್ನು ಚೆನ್ನಾಗಿ ಬಲ್ಲರು. "ಹೋಗು, ಯಾರು ಸೇರಿಸುತ್ತಾರೆ ನೋಡೋಣ" ಎಂದು ಅವರು ಧೈರ್ಯವಾಗಿ ಹೇಳಬಲ್ಲದ್ದು ನಮ್ಮನ್ನು ನಂಬಿ.

ಇದು ಓದು ಬಾರದ ಹುಡುಗಿಯರ ಪಾಡು ಮಾತ್ರವೆಂದು ಯಾರೂ ತಿಳಿಯಬಾರದು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಕರೆದು, ಮ್ಯಾನ್ಮಾರಿನೊಳಕ್ಕೆ ಒಯ್ದು ಕೂಡಿಹಾಕುವ ಜಾಲವಿದೆಯೆಂದು ನಮ್ಮ ವಿದೇಶಾಂಗ ಇಲಾಖೆ 2022ರಲ್ಲೇ ಎಚ್ಚರಿಸಿತ್ತು. ಸಿಕ್ಕಿಬಿದ್ದವರು ಪದವಿ ಪಡೆದ, ಇಂಗ್ಲಿಷ್ ಬಲ್ಲ ತರುಣರು. ಅಲ್ಲಿ ಅವರಿಂದ ಮಾಡಿಸಿದ ಕೆಲಸವೆಂದರೆ ದೂರದಲ್ಲಿ ಕುಳಿತು ಇತರರಿಗೆ ಮೋಸ ಮಾಡುವುದು, ಒಪ್ಪದವರಿಗೆ ಹೊಡೆತ. 2025ರ ಮಾರ್ಚಿಯಲ್ಲಿ ವಾಯುಪಡೆಯ ವಿಮಾನಗಳು ಐನೂರಕ್ಕೂ ಹೆಚ್ಚು ಮಂದಿಯನ್ನು ಹಿಂದಕ್ಕೆ ತಂದವು. ಹೀಗೆ ಬಂದವನು ಒಂದೇ ಕಾಲಕ್ಕೆ ಮೋಸಹೋದವನೂ ಹೌದು, ಮೋಸ ಮಾಡಿದವನೂ ಹೌದು. ಅವನನ್ನು ನೆರೆಯವರು ಮೊದಲು ಕೇಳುವುದು "ಎಷ್ಟು ಹೊಡೆದೆ?" ಎಂದೋ, "ಊಟ ಮಾಡಿದೆಯಾ?" ಎಂದೋ? ಶಿಬಿರದಲ್ಲಿ ಇದನ್ನು ಕಲಿಸುವ ಪಾಠವಿರಲಿಲ್ಲ.

ನಮ್ಮ ಪಂಚಾಯಿತಿಯ ಕಾವಲು ಸಮಿತಿಗೆ ನನ್ನನ್ನೂ ಸೇರಿಸಿದರು. ಒಂದು ಪುಸ್ತಕ ತೆರೆದಿದ್ದೇವೆ. ಯಾರು, ಎಲ್ಲಿಗೆ, ಯಾರ ಜೊತೆ, ಮೇಸ್ತ್ರಿಯ ಫೋನು, ಬರುವ ತಿಂಗಳು. ಗುತ್ತಿಗೆದಾರರು ವಲಸೆಗಾರರಿಗೆ ಭಾವಚಿತ್ರವುಳ್ಳ ಪಾಸ್‌ಬುಕ್ ಕೊಡಬೇಕೆಂದು 1979ರ ಕಾಯಿದೆಯೊಂದು ಹೇಳಿತ್ತು. ನನ್ನ ಮೂವತ್ತು ವರ್ಷದ ಸೇವೆಯಲ್ಲಿ ನಾನು ಅಂಥದೊಂದನ್ನೂ ಕಣ್ಣಾರೆ ಕಾಣಲಿಲ್ಲ. ನಮ್ಮ ಪುಸ್ತಕದ ಗತಿ ಏನಾಗುವುದೋ. ಯಾರನ್ನೂ ತಡೆಯಲು ಅಲ್ಲ, ತಿಂಗಳಿಗೊಮ್ಮೆ ಫೋನು ಮಾಡಿ ಮಾತನಾಡಿಸಲು ಎಂದು ಮೊದಲ ಪುಟದಲ್ಲಿ ಬರೆಸಿದ್ದೇನೆ. 'ಬಂದರೆ ಹೋಗಿ ಕಾಣುವವರು' ಎಂಬ ಒಂದು ಅಂಕಣವನ್ನೂ ಹಟಮಾಡಿ ಸೇರಿಸಿದೆ.

ಕಳೆದ ವಾರ ಆ ಹುಡುಗಿಯ ತಾಯಿಯನ್ನು ಕಾಣಲು ಹಳ್ಳಿಗೆ ಹೋಗಿದ್ದೆ. ತಂದೆ ತೀರಿಕೊಂಡು ಬಹಳ ವರ್ಷವಾಯಿತು. ಮುದುಕಿ ಗುರುತು ಹಿಡಿದಳು. ಬಂದ ಕಾರಣ ಹೇಳಿದೆ. ಬಹಳ ಹೊತ್ತು ನನ್ನ ಮುಖವನ್ನೇ ನೋಡಿ, "ಈಗ ಕೇಳಾಕ ಬಂದ್ರೇನ್ರೀ ಸರ?" ಎಂದಳು. ಆಮೇಲೆ ಒಳಗೆ ಹೋಗಿ ನೀರು ತಂದುಕೊಟ್ಟಳು. ಪೊಲೀಸರಲ್ಲಿ ಆಗಲೇ ದೂರು ಕೊಟ್ಟಿದ್ದಿರಾ ಎಂದು ಕೇಳಿದೆ. ಕೊಡಲು ಹೋಗಿದ್ದರಂತೆ, ಒಡಹುಟ್ಟಿದವಳ ಜೊತೆ ಹೋದದ್ದಕ್ಕೆ ದೂರೇನು ಎಂದು ಮರಳಿ ಕಳಿಸಿದರಂತೆ. ಮಕ್ಕಳು ಕಾಣೆಯಾದ ದೂರು ಬಂದರೆ ಪ್ರಕರಣ ದಾಖಲಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ ಆಜ್ಞೆ ಮಾಡಿದ್ದು 2013ರ ಮೇ ತಿಂಗಳಲ್ಲಿ. ಆ ವೇಳೆಗೆ ಈ ಮಗು ಮೂವತ್ತರ ಹೆಂಗಸಾಗಿದ್ದಿರಬೇಕು, ಎಲ್ಲಾದರೂ ಇದ್ದರೆ.

ಈಗ ದೂರು ಬರೆದಿದ್ದೇವೆ. ಮುದುಕಿ ಹೆಬ್ಬೆಟ್ಟು ಒತ್ತಿದ್ದಾಳೆ. ಹೋದ ತಾರೀಖು ಟಿ.ಸಿ.ಯ ಪ್ರತಿಯಲ್ಲಿ ಸಿಕ್ಕಿತು. ಒಂದು ಭಾವಚಿತ್ರ ಬೇಕೆಂದರು. ಆ ಮನೆಯಲ್ಲಿ ಒಂದೂ ಇಲ್ಲ. ಆ ವರ್ಷ ಶಾಲೆಯ ಮಕ್ಕಳನ್ನೆಲ್ಲ ನಿಲ್ಲಿಸಿ ಒಂದು ಚಿತ್ರ ತೆಗೆಸಿದ್ದೆವು. ಎರಡನೆಯ ಸಾಲಿನಲ್ಲಿ ಅವಳಿದ್ದಳೆಂದು ನೆನಪು. ಹಳೆಯ ಟ್ರಂಕುಗಳನ್ನು ತೆಗೆದು ಹುಡುಕುತ್ತಿದ್ದೇನೆ.